ತಾರಿಮಕ್ಕಿ ಅಳಿವೆಯ ಗೆರೆದಿಬ್ಬ

ತಾರಿಮಕ್ಕಿ ಹೊಳೆ ಸಮುದ್ರ ಸೇರುವಲ್ಲಿ, ಇಳಿತದ ಹೊತ್ತಿಗೆ ಮಾತ್ರ ಮೈ ತೋರಿಸುವ ಒಂದು ಮರಳುದಿಬ್ಬವಿದೆ. ಊರವರು ಅದನ್ನು ಗೆರೆದಿಬ್ಬ ಎನ್ನುತ್ತಾರೆ. ಅದನ್ನು ನೋಡಲು ಹೊರಟವರು ಮೊದಲು ದಾರಿ ತಪ್ಪುತ್ತಾರೆ. ಉಪ್ಪುನೀರಿನ ಗಜನಿ ಗದ್ದೆಗಳ ಒಡ್ಡುಗಳೆಲ್ಲ ಒಂದೇ ಥರ. ಯಾವುದನ್ನು ಹಿಡಿದು ನಡೆದರೂ ಕೊನೆಗೆ ಉಪ್ಪುನೀರಲ್ಲೇ ಬೇರಿಳಿಸುವ ಕಾಂಡ್ಲ ಪೊದೆಯೊಳಗೆ ಮೊಣಕಾಲುದ್ದ ಕೆಸರಿನಲ್ಲಿ ನಿಲ್ಲಿಸುತ್ತದೆ. ಹಿಂದೆ ಒಮ್ಮೆ ಮೈಮೂನಾ ಎಂಬ ಹೆಂಗಸು ಇದೇ ಕೆಸರಿನಲ್ಲಿ ನಿಂತು, ಚಿಪ್ಪಿ ಹೆಕ್ಕುತ್ತಿದ್ದ ಅಂಬಿಗರ ಬೀರಮ್ಮನನ್ನು ಕೂಗಿ ಕರೆದಳಂತೆ.

“ದಿಬ್ಬಕ್ಕೆ ಯಾವ ಕಡೆ, ಅಕ್ಕಾ?”

“ನೀ ಬೆನ್ನು ಹಾಕಿ ನಿಂತಿದ್ದೀಯಲ್ಲ, ಆ ಕಡೆ. ಈ ದಾರಿ ಯಾರು ಹೇಳಿದ್ರು ನಿಂಗೆ?”

“ಯಾರೂ ಹೇಳಲಿಲ್ಲ. ಏಡನ್ ನೋಡಿದ್ದೇನೆ, ಹೊರ್ಮುಜ್ ನೋಡಿದ್ದೇನೆ, ಮಲಾಕಾದಲ್ಲಿ ಎರಡು ಮಳೆಗಾಲ ಕಳೆದಿದ್ದೇನೆ. ಈ ನಾಲ್ಕು ಗದ್ದೆ ಸುತ್ತಿಸಿದಷ್ಟು ಯಾವ ಊರೂ ನನ್ನನ್ನು ಸುತ್ತಿಸಲಿಲ್ಲ.”

“ಆ ಊರಲ್ಲೆಲ್ಲ ಕೇಳಿಕೊಂಡು ನಡೆದಿರ್ತಿ. ಬಾ ಮಾರಾಯ್ತಿ, ದೋಣಿ ಹತ್ತು.”

ಮೈಮೂನಾಳಿಗೆ ಅವಸರವಿತ್ತು. ಅಂದು ಆ ದಿಬ್ಬದ ಮೇಲೆ ಸೆರೆಯಾಳುಗಳ ಅದಲುಬದಲು ನಡೆಯುವುದಿತ್ತು. ಅದಕ್ಕೆ ದುಭಾಷಿ ಅವಳೇ. ಆಗ ನಡೆಯುತ್ತಿದ್ದ ಯುದ್ಧವಾದರೂ ನಮ್ಮ ನೆಲದಲ್ಲಿ ಹುಟ್ಟಿದ್ದಲ್ಲ. ಜೆರುಸಲೇಮಿನ ಹೆಸರಿನಲ್ಲಿ ಶಿಲುಬೆ ಹೊತ್ತವರಿಗೂ ಮುಸಲ್ಮಾನರಿಗೂ ಅದಕ್ಕೂ ನಾಲ್ಕು ನೂರು ವರ್ಷಗಳ ಹಿಂದೆ ಹತ್ತಿಕೊಂಡಿದ್ದ ಜಗಳ, ಮೆಣಸಿನ ವಾಸನೆ ಹಿಡಿದು ಹಡಗೇರಿ ನಮ್ಮ ಕರಾವಳಿಗೂ ಬಂದಿತ್ತು. ಪರಂಗಿಯವರು ಹಾಯಿಯ ಮೇಲೆ ಕೆಂಪು ಶಿಲುಬೆ ಬರೆಸಿಕೊಂಡು ಬಂದು ಹಜ್ ಯಾತ್ರಿಕರ ಹಡಗು ಸುಟ್ಟರು. ಇಲ್ಲಿನ ಮುಸಲ್ಮಾನ ಹಡಗುಗಾರರು ಪರಂಗಿಯವರ ದೋಣಿ ಹಿಡಿದು ಸೇಡು ತೀರಿಸಿಕೊಂಡರು. ಎರಡೂ ಕಡೆ ದೇವರ ಹೆಸರನ್ನು ಜೋರಾಗಿ ಹೇಳುತ್ತಿದ್ದರು, ಮೆಣಸಿನ ಹೆಸರನ್ನು ಮೆಲ್ಲಗೆ. ಸೆರೆಯಾಳುಗಳನ್ನು ಬಿಡುವ ದಿನ ಬಂದರೆ ಮಾತ್ರ ಈ ದಿಬ್ಬಕ್ಕೆ ಬರುತ್ತಿದ್ದರು. ಆರು ತಾಸು ನೆಲ, ಆರು ತಾಸು ನೀರು ಆಗಿರುವ ಜಾಗವನ್ನು ಯಾವ ಅರಸನೂ ತನ್ನದೆನ್ನುತ್ತಿರಲಿಲ್ಲ. ಉಬ್ಬರ ಬರುವುದರೊಳಗೆ ಮುಗಿಸಲೇಬೇಕಾದ್ದರಿಂದ ಜಗಳಕ್ಕೂ ಪುರಸೊತ್ತಿರುತ್ತಿರಲಿಲ್ಲ.

ಮೈಮೂನಾ ಪರಂಗಿ ಮಾತು ಕಲಿತದ್ದು ಅವರ ಕೋಟೆಯ ಅಡುಗೆಮನೆಯಲ್ಲಿ, ಮೂರು ವರ್ಷ ತೊತ್ತಾಗಿ ಪಾತ್ರೆ ಉಜ್ಜುತ್ತ. ಒಂದು ಮಧ್ಯಾಹ್ನ ನೀರು ತರುವ ಹಿಂಬಾಗಿಲು ತೆರೆದಿತ್ತು. ಅವಳು ಕೊಡ ಕೆಳಗಿಟ್ಟು ನಡೆದುಬಿಟ್ಟಳು. ಬಾಗಿಲಿನ ಹೊಣೆ ಹೊತ್ತಿದ್ದ ಗಾಸ್ಪರ್ ಎಂಬ ಮುದಿ ಬಾಣಸಿಗನಿಗೆ ಅದಕ್ಕಾಗಿ ನಲವತ್ತು ಛಡಿ ಏಟು ಬಿದ್ದವು, ಎಡಗಿವಿ ಹೋಯಿತು. ಈ ಸುದ್ದಿ ಅವಳಿಗೆ ಮುಟ್ಟಿದ್ದು ಬಹಳ ತಡವಾಗಿ. ಆಮೇಲೆ ಯಾವ ಬಂದರಿನಲ್ಲಿ ಇಳಿದರೂ, ಯಾರ ಮನೆಯ ಊಟ ಉಂಡರೂ ಆ ಮುದುಕನ ಬೆನ್ನು ನೆನಪಾಗುತ್ತಿತ್ತು. ಅವನು ನಾಖುದಾ ಶಂಸುದ್ದೀನನ ಕೈಗೆ ಸಿಕ್ಕಿಬಿದ್ದಿದ್ದಾನೆಂದು ಕೇಳಿದ್ದೇ ಹಡಗಿನ ಒಡೆಯನಾದ ಆ ನಾಖುದಾನ ಬಾಗಿಲಿಗೇ ಹೋದಳು. “ನಿಮ್ಮವರನ್ನು ಮಾತಾಡಿ ಬಿಡಿಸಿಕೊಡುತ್ತೇನೆ. ಕೂಲಿ ಬೇಡ, ಆ ಬಾಣಸಿಗನನ್ನು ನನಗೆ ಕೊಡಿ,” ಎಂದಳು. ಪರಂಗಿಯವರಂತೂ ಮುದುಕನನ್ನು ಬಿಡಿ ಎಂದು ಕೇಳಿಯೇ ಇರಲಿಲ್ಲ. ಶಂಸುದ್ದೀನ್ ಗಡ್ಡ ಮುಟ್ಟಿಕೊಂಡು ಮಾತು ಕೊಟ್ಟ. ಅವನ ಸ್ವಂತ ತಮ್ಮನೇ ಕೋಟೆಯ ಸೆರೆಯಲ್ಲಿದ್ದ.

ದಿಬ್ಬದ ಮೇಲೆ ಎಲ್ಲವೂ ಸುಸೂತ್ರವಾಗಿ ನಡೆಯಿತು. ಪರಂಗಿ ಸಿಪಾಯಿಗಳು ತಮ್ಮ ದೋಣಿ ಹತ್ತಿದರು, ಕೋಟೆಯಿಂದ ಬಿಡುಗಡೆಯಾದವರು ಒಬ್ಬೊಬ್ಬರಾಗಿ ಈಚೆ ಬಂದರು. ಎಲ್ಲರಿಗಿಂತ ಕೊನೆಯಲ್ಲಿ ಬಂದದ್ದು ಮನುಷ್ಯನಲ್ಲ, ಮಡಿಸಿದ ಒಂದು ರುಮಾಲು. ಶಂಸುದ್ದೀನನ ತಮ್ಮ ಹದಿನೈದು ದಿನದ ಹಿಂದೆ ಜ್ವರದಲ್ಲಿ ತೀರಿಕೊಂಡಿದ್ದ. ಆ ಮಾತನ್ನು ಪರಂಗಿ ಭಾಷೆಯಿಂದ ಈ ಭಾಷೆಗೆ ತಿರುಗಿಸಿ ಹೇಳಬೇಕಾದವಳೂ ಮೈಮೂನಾಳೇ. ಹೇಳಿ ಮುಗಿಯುವಷ್ಟರಲ್ಲಿ ಪರಂಗಿ ದೋಣಿಗಳು ದೂರ ಸರಿದಿದ್ದವು. ಮರಳಿನ ಮೇಲೆ ಉಳಿದಿದ್ದ ಪರಂಗಿ ಒಬ್ಬನೇ, ಕೈಕಟ್ಟಿ ನಿಲ್ಲಿಸಿದ್ದ ಗಾಸ್ಪರ್. ಶಂಸುದ್ದೀನ್ ಅವನ ಹಗ್ಗ ಹಿಡಿದೆಳೆದು, “ಇವನು ನನ್ನ ತಮ್ಮನಿಗೆ ಬದಲು,” ಎಂದು ಕತ್ತಿಗೆ ಕೈ ಹಾಕಿದ.

ಮೈಮೂನಾ ಬೀರಮ್ಮನ ಕೈಯಿಂದ ದೋಣಿ ಊರುವ ಗಳ ಕಸಿದುಕೊಂಡಳು. ಹೊಡೆಯಲಿಲ್ಲ. ಶಂಸುದ್ದೀನನ ಸುತ್ತ ಮರಳಿನಲ್ಲಿ ಅಗಲವಾಗಿ ಒಂದು ಗೆರೆ ಎಳೆದು, “ಅರಸರ ಆಣೆ,” ಎಂದಳು. ಆ ಕಾಲದ ಬಂದರುಗಳಲ್ಲಿ ಅದಕ್ಕಿಂತ ಬಿಗಿಯಾದ ಸಂಕೋಲೆ ಇರಲಿಲ್ಲ ಎನ್ನುತ್ತಾರೆ. ಗೆರೆಯೊಳಗೆ ಸಿಕ್ಕವನು ಕೊಡಬೇಕಾದದ್ದನ್ನು ಕೊಡುವವರೆಗೆ ಕತ್ತಿ ಎತ್ತುವಂತಿಲ್ಲ, ಹೊರಗೆ ಕಾಲಿಡುವಂತಿಲ್ಲ. ಇಟ್ಟನೋ, ಮತ್ತೆ ಯಾವ ಬಂದರಿನಲ್ಲೂ ಅವನ ಹಡಗಿಗೆ ಆಳು ಹತ್ತುತ್ತಿರಲಿಲ್ಲ.

“ನನ್ನ ತಮ್ಮ ಸತ್ತಿದ್ದಾನೆ, ಮೈಮೂನಾ.”

“ನೀವು ಕೊಟ್ಟ ಮಾತು ಬದುಕಿದೆಯಲ್ಲ, ನಾಖುದಾ.”

ಶಂಸುದ್ದೀನ್ ಬುದ್ಧಿವಂತ. ಕತ್ತಿಯಿಂದ ಕೈ ತೆಗೆದು, ಹಗ್ಗ ಬಿಡದೆ ಗೆರೆಯೊಳಗೇ, ದಿಬ್ಬದ ನೆತ್ತಿಯಲ್ಲಿ ಕುಳಿತ. ಉಬ್ಬರ ಏರಲಿ ಎಂದು ಕಾದ. ನೀರು ಬಂತು, ಮೊದಲು ಕಡಲ ಕಡೆಯ ಗೆರೆ ಅಳಿಸಿತು, ಆಮೇಲೆ ಹೊಳೆಯ ಕಡೆಯದು. ಅವನು ಎದ್ದು ನಿಂತು, “ಗೆರೆ ಹೋಯಿತು. ಇನ್ನು ನನ್ನನ್ನು ಹಿಡಿಯುವವರಿಲ್ಲ,” ಎಂದ.

“ಹೋಗಿಲ್ಲ, ಅಗಲವಾಯಿತು. ಸುತ್ತ ನೋಡಿ,” ಎಂದಳು ಮೈಮೂನಾ. ಹೌದು, ದಿಬ್ಬದ ಸುತ್ತ ನೀರು ದುಂಡಗೆ ಕಟ್ಟಿಕೊಂಡಿತ್ತು. “ನಾನು ಗಳದಲ್ಲಿ ಎಳೆದದ್ದನ್ನೇ ಸಮುದ್ರ ನೀರಿನಲ್ಲಿ ಎಳೆದಿದೆ. ದಾಟುತ್ತೀರಾ?”

“ದಾಟಿದರೆ ಮಾನವೂ ಹೋಯ್ತು, ಮೂಗಿಗೆ ನೀರೂ ಹೋಯ್ತು,” ಎಂದು ಬೀರಮ್ಮ ದೋಣಿಯಿಂದಲೇ ಗೊಣಗಿದಳು.

ಶಂಸುದ್ದೀನ್ ತನ್ನ ದೋಣಿಯವರನ್ನು ಕೂಗಿದ. ಅವರು ಅವನ ಉಪ್ಪು ಉಂಡವರೇ, ಅವನ ದುಃಖಕ್ಕೆ ಕಣ್ಣೀರಿಟ್ಟವರೇ. ಆದರೂ ಒಬ್ಬನೂ ಹುಟ್ಟು ಮುಟ್ಟಲಿಲ್ಲ, ತಲೆ ತಗ್ಗಿಸಿ ಕುಳಿತರು. ನೀರು ಪಾದ ಮುಚ್ಚಿ ಮೊಣಕಾಲಿಗೆ ಬಂತು. ಅವನು ತಮ್ಮನ ರುಮಾಲನ್ನು ನೆನೆಯದಂತೆ ತಲೆಗೆ ಸುತ್ತಿಕೊಂಡು, ಹಗ್ಗವನ್ನು ಮೈಮೂನಾಳ ಕೈಗೆ ತುರುಕಿದ. “ನಿನ್ನದು ನಿನಗೆ ಬಂತು. ನನ್ನದನ್ನು ಯಾರಿಂದ ಕೇಳಲಿ?” ಎಂದ. ಆಗ ಅವನ ದೋಣಿಯವರು ಹುಟ್ಟು ಹಿಡಿದು ಬಂದರು, ಮೈಮೂನಾ ಮುದುಕನನ್ನು ಬೀರಮ್ಮನ ದೋಣಿಗೆ ಹತ್ತಿಸಿದಳು.

ಇಂದು ಹೋದವರಿಗೂ ಉಬ್ಬರದ ಆರಂಭದಲ್ಲಿ ದಿಬ್ಬದ ಸುತ್ತ ನೊರೆಯ ಒಂದು ಬಿಳಿ ಬಳೆ ಕಾಣುತ್ತದೆ. ಎಲೆಅಡಿಕೆ ಜಗಿಯುವಷ್ಟು ಹೊತ್ತು ನಿಂತು, ಕಿರಿದಾಗುತ್ತ ಬಂದು, ನೆತ್ತಿಯ ಮೇಲೆ ಮುಚ್ಚಿಹೋಗುತ್ತದೆ. ಅಷ್ಟು ಹೊತ್ತು ಅಂಬಿಗರು ಯಾರನ್ನೂ ದಿಬ್ಬಕ್ಕೆ ಇಳಿಸುವುದಿಲ್ಲ, ದೋಣಿ ನಿಲ್ಲಿಸಿ ಉಳಿದ ಕತೆ ಹೇಳುತ್ತಾರೆ. ಬೀರಮ್ಮನ ದೋಣಿಯಲ್ಲಿ ದಡಕ್ಕೆ ಬರುವಾಗ ಗಾಸ್ಪರ್ ಬಾಯಿಬಿಟ್ಟನಂತೆ.

“ಆ ಬಾಗಿಲನ್ನು ನಿನಗಾಗಿ ತೆರೆದದ್ದಲ್ಲ, ಮಗಳೇ. ಅಂದು ಕುಡಿದಿದ್ದೆ. ಅಗಳಿ ಹಾಕಲು ಮರೆತೆ.”

ಮೈಮೂನಾ ಅವನನ್ನೇ ನೋಡಿದಳು. “ಛಡಿ ಏಟು?”

“ಅದು ನಿಜ.”

“ಮರೆತವನು ನೀನು, ಏಟು ತಿಂದವನು ನೀನು. ಹೊರಗೆ ಬಂದವಳು ನಾನು. ಕೈ ಚಾಚು,” ಎಂದು ಬೀರಮ್ಮನ ಚಿಪ್ಪಿ ಬಿಡಿಸುವ ಕತ್ತಿ ತೆಗೆದುಕೊಂಡು, ಅವನ ಮಣಿಕಟ್ಟಿನ ಹಗ್ಗವನ್ನು ಕೊಯ್ದಳು.