ತಿರುಮಲ ಅಮ್ಮನಿಗೆ ಮಾಸ್ಕು ತಂದದ್ದು

ಮಧುಗಿರಿ ಪೇಟೆಬೀದೀಲಿ ಬಳೆ ಅಂಗಡಿ ಅಲಮೇಲಮ್ಮ ಅಂತ ಒಬ್ಬಾಕೆ. ಆಕೆಗೆ ಒಬ್ಬನೇ ಮಗ, ತಿರುಮಲ. ಬೇರೆ ತಾಯಂದಿರು ಮಕ್ಕಳು ಹೇಳಿದ ಮಾತು ಕೇಳಲ್ಲ ಅಂತ ಅಳ್ತಾರಲ್ಲ, ಅಲಮೇಲಮ್ಮನ ಗೋಳು ಅದಲ್ಲ. ಅವಳ ಮಗ ಹೇಳಿದ್ದನ್ನ ಒಂದಕ್ಷರ ಬಿಡದೆ ಕೇಳ್ತಿದ್ದ. ಒಲೆ ಮೇಲೆ ಹಾಲಿದೆ ನೋಡ್ತಿರು ಅಂದ್ರೆ ಕಣ್ಣು ಮಿಟುಕಿಸದೆ ನೋಡ್ತಾ ಕೂರೋನು. ಹಾಲೆಲ್ಲ ಉಕ್ಕಿ ಒಲೆ ಆರಿದ್ಮೇಲೆ, "ಪೂರ್ತಿ ನೋಡಿದೆ ಕಣಮ್ಮ" ಅನ್ನೋನು. ಮೀಸೆ ಬಂದು ಎಷ್ಟೋ ವರ್ಷ ಆಗಿತ್ತು, ಬುದ್ಧಿ ಮಾತ್ರ ಇನ್ನೂ ದಾರೀಲಿತ್ತು.

ಈ ಅಲಮೇಲಮ್ಮನಿಗೆ ಗೊರಕೆ. ಅಂತಿಂಥ ಗೊರಕೆ ಅಲ್ಲ, ಎದುರುಮನೆ ಬೆಕ್ಕು ಬೀದಿ ಬಿಟ್ಟು ಹೋಗಿತ್ತು. ಗೊರಕೆ ಆದ್ರೂ ಹಾಳಾಗ್ಲಿ, ನಡುನಡುವೆ ಅದು ಗಪ್ಪಂತ ನಿಂತು ಉಸಿರೇ ಕಟ್ಟಿಹೋಗೋದು. ಆಮೇಲೆ ಏದುಸಿರು ಬಿಡ್ತಾ ದಡಬಡ ಎದ್ದು ಕೂರೋಳು. ರಾತ್ರಿ ಸರಿಯಾಗಿ ನಿದ್ದೆ ಇಲ್ಲ, ಹಗಲೆಲ್ಲ ಗಿರಾಕಿ ಕೈ ಹಿಡ್ಕೊಂಡೇ ತೂಕಡಿಕೆ. ತುಮಕೂರಿನ ಡಾಕ್ಟ್ರು ಪರೀಕ್ಷೆ ಮಾಡಿ ಹೇಳಿದ್ರು: "ಇದನ್ನ ಹೀಗೇ ಬಿಟ್ರೆ ಹೃದಯಕ್ಕೆ ಕುತ್ತು ಬರುತ್ತಮ್ಮ. ಮಲಗೋವಾಗ ಈ ಗಾಳಿ ಮಿಷನ್ನು ಹಾಕ್ಕೊಳ್ಳಿ. ಆದ್ರೆ ಮುಖಕ್ಕೆ ಹಾಕೋ ಮಾಸ್ಕು ಹಿತವಾಗಿರಬೇಕು. ಹಿತ ಇಲ್ಲದಿದ್ರೆ ಕಿತ್ತು ಬಿಸಾಕ್ತೀರಿ, ಮಿಷನ್ನು ಇದ್ದೂ ದಂಡ."

ಅಲಮೇಲಮ್ಮನಿಗೆ ಸಾವಿನ ಭಯ ಇರಲಿಲ್ಲ. ನಾನು ಹೋದ್ಮೇಲೆ ಈ ಪೆದ್ದನ ಗತಿಯೇನು ಅನ್ನೋದೇ ಭಯ.

ಮಿಷನ್ನು ಮನೆಗೆ ಬಂತು. ಮಾಸ್ಕು ಆರಿಸಿ ತರಬೇಕು. ಮದುವೆ ಕಾಲ, ಅಂಗಡಿ ಬಿಡೋ ಹಾಗಿಲ್ಲ. ಬೇರೆ ದಾರಿ ಕಾಣದೆ ಮಗನನ್ನೇ ಕರೆದಳು.

"ತಿರುಮಲ, ತುಮಕೂರಿಗೆ ಹೋಗಿ ಮಾಸ್ಕು ತಗೊಂಡು ಬಾ. ಬಳೆ ಹೆಂಗೆ ಆರಿಸ್ತೀವೋ ಹಂಗೇ ನೋಡಿ ಆರಿಸು."

"ಸರಿ ಕಣಮ್ಮ" ಅಂದ.

ಬಳೆ ಹೆಂಗೆ ಆರಿಸ್ತಾರೆ? ಸಲೀಸಾಗಿ ಕೈಗೆ ಇಳಿದ ಬಳೆ ಅಳತೆಯ ಬಳೆಯೇ ಅಲ್ಲ. ಸರಿಯಾದ ಬಳೆ ಗೆಣ್ಣಿನ ಹತ್ರ ಅಡ್ಡ ನಿಲ್ಲಬೇಕು, ಸೋಪು ಹಚ್ಚಬೇಕು, ಒತ್ತಬೇಕು, ಗಿರಾಕಿ "ಅಯ್ಯಯ್ಯೋ" ಅನ್ನಬೇಕು. ಆಮೇಲೆ ಮಣಿಕಟ್ಟಲ್ಲಿ ಚೆಂದ ಕೂರುತ್ತೆ. ತಿರುಮಲ ಹುಟ್ಟಿದಾಗಿಂದ ನೋಡಿದ್ದು ಇದನ್ನೇ. ತುಮಕೂರಿನ ಅಂಗಡೀಲಿ ಎಲ್ಲಕ್ಕಿಂತ ಚಿಕ್ಕದನ್ನ, ಮಕ್ಕಳ ಮಾಸ್ಕನ್ನ, ಆರಿಸಿ ತಂದ. ಮಧ್ಯಾಹ್ನ ಅಮ್ಮ ಅಡ್ಡಾಗಿದ್ದಾಗ ಅವಳ ಮೂಗಿಗೆಲ್ಲ ಸೋಪಿನ ನೊರೆ ಬಳಿದು ಒತ್ತೋಕೆ ಶುರುಮಾಡಿದ.

"ಸ್ವಲ್ಪ ತಡ್ಕೋಮ್ಮ. ಈ ಗೆಣ್ಣು ದಾಟಿದ್ರೆ ಆಯ್ತು."

"ಮೂಗಿಗೆ ಎಲ್ಲಿದೆಯೋ ಗೆಣ್ಣು! ಬಿಡೋ, ಬಿಡೋ, ಕಣ್ಣು ಹೋಯ್ತು." ಅಲಮೇಲಮ್ಮ ನೊರೆ ಉಗುಳ್ತಾ ಎದ್ದಳು. "ಲೋ ಪೆದ್ದೇ, ಇದೇನು ಬಳೆಯಾ? ಹಾಕ್ಕೊಳ್ಳೋದು ಸಡಿಲ ಇರಬೇಕು, ಒಂದು ಬೆರಳು ಒಳಗೆ ತೂರಬೇಕು. ಹಾಕ್ಕೊಂಡು ಮಲಗಿ, ಆ ಮಗ್ಗುಲು ಈ ಮಗ್ಗುಲು ಹೊರಳಿ ನೋಡಬೇಕು. ಆಗ ತಗೋಬೇಕು. ತಿಳೀತಾ?"

"ತಿಳೀತು ಕಣಮ್ಮ."

ಅಲಮೇಲಮ್ಮ ಕಣ್ಣು ತೊಳ್ಕೊಳ್ಳೋಕೆ ಹಿತ್ತಲಿಗೆ ಹೋದಳು. ಅದೇ ಹೊತ್ತಿಗೆ ಮೇಷ್ಟ್ರ ಹೆಂಡತಿ ಸುಗುಣಮ್ಮ ನಾದಿನಿ ಮದುವೆಗೆ ಬಳೆ ಇಡಿಸ್ಕೊಳ್ಳೋಕೆ ಬಂದರು. ತಿರುಮಲ ಬೆರಳು ತೂರಿಸಿ ತೂರಿಸಿ ನೋಡಿ, ದೊಡ್ಡ ಬಳೆಗಳನ್ನ ಹುಡುಕಿ, ಎರಡೂ ಕೈಗೆ ಡಜನ್ ಡಜನ್ ಇಳಿಸಿದ.

"ಈಗ ಮಲಕ್ಕೊಳ್ಳಿ ಅಕ್ಕ" ಅಂದ.

"ಯಾಕಪ್ಪ?"

"ಆ ಮಗ್ಗುಲು ಈ ಮಗ್ಗುಲು ಹೊರಳಿ ನೋಡಬೇಕಂತೆ. ಅಮ್ಮ ಹೇಳಿದ್ದು."

ಅಲಮೇಲಮ್ಮ ಹೇಳಿದ ಮೇಲೆ ಏನೋ ಶಾಸ್ತ್ರ ಇರಬೇಕು ಅಂತ ಆ ಸಾಧು ಹೆಂಗಸು ಚಾಪೆ ಮೇಲೆ ಮಲಗೇಬಿಟ್ಟರು. ಎಡಕ್ಕೆ ಹೊರಳಿದರು, ಎಡಗೈ ಬಳೆ ಎಲ್ಲಾ ಜಾರಿದವು. ಬಲಕ್ಕೆ ಹೊರಳಿದರು, ಬಲಗೈಯವೂ ಜಾರಿದವು. ಸರಸರ ಉರುಳಿಕೊಂಡು ಹೊಸ್ತಿಲು ದಾಟಿ ಚರಂಡಿ ಸೇರಿದವು. ಅಲಮೇಲಮ್ಮ ಓಡಿಬಂದು ನೋಡಿ ಹಣೆ ಹಣೆ ಚಚ್ಚಿಕೊಂಡಳು.

"ಮರ್ಯಾದಸ್ತರನ್ನ ಅಂಗಡೀಲಿ ಮಲಗಿಸ್ತೀಯಲ್ಲೋ! ಯಾರು ಹಾಕ್ಕೋತಾರೋ ಅವರ ಕೈ ಹಿಡಿದು, ಗೆಣ್ಣು ಒತ್ತಿ, ಅಳತೆ ಗೊತ್ತುಮಾಡ್ಕೋಬೇಕು. ಅಳತೆ ತಿಳಿದ ಮೇಲೇ ಮುಂದಿನ ಮಾತು."

"ಸರಿ ಕಣಮ್ಮ."

ಮಾರನೇ ದಿನ ಮಾಸ್ಕು ಬದಲಾಯಿಸೋಕೆ ತುಮಕೂರಿಗೆ ಹೊರಟ. ಹೊರಡೋ ಮುಂಚೆ ಅಮ್ಮನ ಕೈ ಹಿಡ್ಕೊಂಡು ಮೆತ್ತಗೆ ಗೆಣ್ಣು ಒತ್ತಿದ. ಅಲಮೇಲಮ್ಮನಿಗೆ ಕಣ್ಣು ತುಂಬಿ ಬಂತು. ಎಷ್ಟು ಬೈದ್ರೂ ನನ್ನ ಮೇಲೆ ಎಷ್ಟು ಜೀವ ನೋಡು ಅಂದ್ಕೊಂಡಳು. ಪಾಪ.

ತುಮಕೂರಿನ ಅಂಗಡೀಲಿ ಶಾಹೀನ ಅಂತ ಹುಡುಗಿ. "ಅಮ್ಮನ ಅಳತೆ ಏನಣ್ಣ?" ಅಂತ ಕೇಳಿದಳು.

"ಎರಡು-ಎಂಟು."

"ಅದೆಂಥ ಅಳತೆ? ಮೂಗಿನದಾ, ಗದ್ದದ್ದಾ?"

"ಕೈದು, ಬಳೆ ಅಳತೆ. ನಮ್ಮ ಬೀದೀಲೇ ಅಷ್ಟು ದಪ್ಪ ಕೈ ಯಾರಿಗೂ ಇಲ್ಲ."

"ಅಮ್ಮನ್ನೇ ಕರ್ಕೊಂಡು ಬನ್ನಿ ಅಣ್ಣ, ಮುಖ ನೋಡದೆ ಕೊಡೋಕಾಗಲ್ಲ" ಅಂತ ಶಾಹೀನ ಎಷ್ಟು ಹೇಳಿದ್ರೂ ಇವನು ಕೇಳ್ಬೇಕಲ್ಲ. ಅಳತೆ ತಿಳಿದ ಮೇಲೆ ಮುಂದಿನ ಮಾತೇನು ಅಂತ ಅಂಗಡೀಲಿದ್ದ ಅತಿ ದೊಡ್ಡ ಮಾಸ್ಕನ್ನೇ ತಗೊಂಡು ಬಂದ.

ಅದು ಹಣೆಯಿಂದ ಗದ್ದದ ಕೆಳಗಿನ ತನಕ ಮುಚ್ಚಿತು. ಎಲ್ಲಾ ಕಡೆಯಿಂದಲೂ ಗಾಳಿ ಬುಸ್ಸಂತ ಸೋರಿ ಕಣ್ಣಿಗೇ ಬಡೀತು. ಅಲಮೇಲಮ್ಮ ಅದನ್ನ ಕಿತ್ತು ಪಕ್ಕಕ್ಕಿಟ್ಟು, ಬಳಲಿಕೆ ತಡೀಲಾರದೆ ಹಂಗೇ ನಿದ್ದೆ ಹೋದಳು. ಗೊರಕೆ ಏರಿತು, ಇನ್ನೂ ಏರಿತು, ಗಪ್ಪಂತ ನಿಂತಿತು. ತಿರುಮಲ ಪಕ್ಕದಲ್ಲೇ ಕೂತು ನೋಡ್ತಿದ್ದ. ಅಮ್ಮ ಉಸಿರು ಸಿಗದೆ ಒದ್ದಾಡಿ ಎದ್ದಳು.

"ನೋಡ್ತಾ ಕೂತಿದ್ದೀಯಲ್ಲೋ!"

"ಗೊರಕೆ ನಿಂತಿತಲ್ಲಮ್ಮ, ಹಾಯಾಗಿ ಮಲಗಿದ್ದೀಯ ಅಂದ್ಕೊಂಡೆ."

ಅಲಮೇಲಮ್ಮ ಬೈಯಲಿಲ್ಲ, ಅತ್ತೇಬಿಟ್ಟಳು. "ಗೊರಕೆ ನಿಂತಿತು ಅಂದ್ರೆ ಉಸಿರು ನಿಂತಿತು ಅಂತ ಕಣೋ. ನಾನು ಹಿಂಗೇ ಹೋಗಿಬಿಟ್ರೆ ನಿನಗೆ ಅನ್ನ ಹಾಕೋರು ಯಾರು? ಗೊರಕೆ ನಿಂತ ತಕ್ಷಣ ನನ್ನ ಎಬ್ಬಿಸು." ತಿರುಮಲನೂ ಅತ್ತ. ಅಮ್ಮ ಹೋಗಿಬಿಡಬಹುದು ಅನ್ನೋದು ಅವನಿಗೆ ಅವತ್ತೇ ಹೊಳೆದದ್ದು.

ಇವನನ್ನ ನಂಬಿ ಆಗಲ್ಲ ಅಂತ ಅಲಮೇಲಮ್ಮ ಅಂಗಡಿಗೆ ಬೀಗ ಹಾಕಿ ಮಗನ ಜೊತೆ ತಾನೇ ತುಮಕೂರಿಗೆ ಹೊರಟಳು. ಶಾಹೀನ ಅವಳ ಮುಖ ಹಿಡಿದು, ಮೂಗಿನ ಮೂಳೆ ತಡವಿ, "ಬಾಯಲ್ಲಿ ಉಸಿರಾಡ್ತೀರಾಮ್ಮ? ಯಾವ ಮಗ್ಗುಲಿಗೆ ಮಲಗ್ತೀರಿ?" ಅಂತೆಲ್ಲ ಕೇಳಿದಳು. ಈ ಹುಡುಗಿಗೆ ಬಳೆ ಇಡೋಕೂ ಬರುತ್ತೆ ಬಿಡು ಅಂದ್ಕೊಂಡಳು ಅಲಮೇಲಮ್ಮ. ಒಂದು ಮಾಸ್ಕು ಮೂಗಿನ ಮೇಲೆ ಒತ್ತಿತು. ಇನ್ನೊಂದು ಬಾಯನ್ನೂ ಮುಚ್ಚಿ ಉಬ್ಬಸ ಬಂದಂಗಾಯ್ತು. ಮೂರನೇದು ಪುಟ್ಟದು, ಮೂಗಿನ ಹೊಳ್ಳೆಗೆ ಮೆತ್ತಗೆ ಆತುಕೊಂಡು, ಒಂದು ಪಟ್ಟಿ ತಲೆ ಹಿಂದೆ ಹೋಗೋದು. ಶಾಹೀನ ಅದನ್ನ ಅಂಗಡಿ ಮಿಷನ್ನಿಗೆ ಸಿಕ್ಕಿಸಿದಳು, ಅಲಮೇಲಮ್ಮ ಅಲ್ಲೇ ಇದ್ದ ಮಂಚದ ಮೇಲೆ ಮಲಗಿ ಹೊರಳಿ ನೋಡಿದಳು.

"ಹಾಕ್ಕೊಂಡಿದ್ದೀನಿ ಅನ್ನೋದೇ ಗೊತ್ತಾಗ್ತಿಲ್ಲವಲ್ಲೇ" ಅಂದಳು. ಅನ್ನುತ್ತಲೇ ನಿದ್ದೆ ಹೋದಳು. ಗೊರಕೆ ಇಲ್ಲ, ಸದ್ದಿಲ್ಲ. ಎಷ್ಟೋ ವರ್ಷಕ್ಕೆ ಅಂಥ ನಿದ್ದೆ.

ತಿರುಮಲ ಧಡಕ್ಕನೆ ಎದ್ದ. ಅಮ್ಮನ ಎರಡೂ ಭುಜ ಹಿಡಿದು ಎತ್ತಿ ಕೂರಿಸಿದ. "ಅಮ್ಮ, ಹೋಗಬೇಡ ಕಣಮ್ಮ. ಗೊರಕೆ ನಿಂತುಹೋಯ್ತು."

ಶಾಹೀನ ಓಡಿಬಂದು ಬಿಡಿಸಿದಳು. "ಅಣ್ಣ, ಇದನ್ನ ಹಾಕ್ಕೊಂಡ ಮೇಲೆ ಗೊರಕೆ ಬರಬಾರದು. ಬಂದ್ರೆ ಮಾಸ್ಕು ಸರಿದಿದೆ ಅಂತ ಅರ್ಥ. ಗೊರಕೆ ಕೇಳಿಸಿದ್ರೆ ಆಗ ಎಬ್ಬಿಸಿ, ಮಾಸ್ಕು ಸರಿಯಾಗಿ ಹಾಕಿ."

"ಗೊರಕೆ ಕೇಳಿಸಿದ್ರೆ ಎಬ್ಬಿಸಬೇಕು, ಮಾಸ್ಕು ಹಾಕಬೇಕು" ಅಂತ ತಿರುಮಲ ಬಸ್ಸಲ್ಲಿ ಊರು ಬರೋ ತನಕ ಜಪ ಮಾಡಿದ.

ಮಾರನೇ ದಿನ ಅಂಗಡಿಗೆ ವಾರದ ರಜ. ಊಟ ಮುಗಿಸಿ ಅಲಮೇಲಮ್ಮ ಮಾಸ್ಕು ಹಾಕ್ಕೊಂಡು ಮಲಗಿದಳು, ತಿರುಮಲ ಗೋಡೆಗೆ ಒರಗಿ ಕಾವಲು ಕೂತ. ಅವಳು ಕೂಸಿನ ಹಾಗೆ ನಿದ್ದೆ ಹೋದಳು. ಸ್ವಲ್ಪ ಹೊತ್ತಿಗೆ ಕೋಣೇಲಿ ಗೊರಕೆ ಕೇಳಿಸ್ತು. ತಿರುಮಲ ಬೆಚ್ಚಿ ಎದ್ದು ಅಮ್ಮನ್ನ ಅಲುಗಾಡಿಸಿದ.

"ಅಮ್ಮ, ಗೊರಕೆ."

ಅಲಮೇಲಮ್ಮ ತಡವಿ ನೋಡ್ಕೊಂಡಳು. ಮಾಸ್ಕು ಇದ್ದ ಕಡೇನೇ ಇತ್ತು. ಮತ್ತೆ ಮಲಗಿದಳು. ಮತ್ತೆ ಗೊರಕೆ, ಮತ್ತೆ ಎಬ್ಬಿಸಿದ. ಇನ್ನೊಂದು ಸಲವೂ ಎಬ್ಬಿಸಿದಾಗ ಅವಳಿಗೆ ತಾಳ್ಮೆ ಹೋಯ್ತು.

"ಅದು ನಿಂದೇ ಗೊರಕೆ ಕಣೋ ಪೆದ್ದೇ. ಕೂತಲ್ಲೇ ನಿದ್ದೆ ಮಾಡ್ತಿದ್ದೀಯ."

"ನಂದಾ?"

"ನಿಂದೇ."

ತಿರುಮಲ ಯೋಚನೆ ಮಾಡಿದ. ಗೊರಕೆ ಕೇಳಿಸಿದೆ, ಎಬ್ಬಿಸಿದ್ದೂ ಆಗಿದೆ, ಇನ್ನು ಉಳಿದದ್ದು ಮಾಸ್ಕು ಹಾಕೋದು. ಅಮ್ಮನ ಮುಖದಿಂದ ಮಾಸ್ಕನ್ನ ಬಲು ನಾಜೂಕಾಗಿ ಬಿಚ್ಚಿದ. ತನ್ನ ಮೂಗಿಗೆ ಇಟ್ಕೊಂಡು, ಪಟ್ಟಿ ತಲೆ ಹಿಂದೆ ಎಳ್ಕೊಂಡು, ಅವಳ ಪಕ್ಕದಲ್ಲೇ ಉದ್ದಕ್ಕೆ ಮಲಗಿದ.

"ಇನ್ನು ಗೊರಕೆ ಬರಲ್ಲ. ನೀನು ಹಾಯಾಗಿ ಮಲಕ್ಕೋಮ್ಮ" ಅಂದು ಕಣ್ಣು ಮುಚ್ಚಿದ. ಒಂದು ಸದ್ದಿಲ್ಲದೆ ನಿದ್ದೆ ಹೋದ.

ಅಲಮೇಲಮ್ಮ ಬೈಯೋಕೆ ಬಾಯಿ ತೆಗೆದಳು. ಆದ್ರೆ ಗೊರಕೆ ನಿಂತ್ರೆ ಎಬ್ಬಿಸು ಅಂದ ದಿನದಿಂದ ನಿದ್ದೆಗೆಟ್ಟು ಅವಳನ್ನ ಕಾದು ಕಾದು ಅವನ ಕಣ್ಣ ಸುತ್ತ ಕಪ್ಪಾಗಿತ್ತು. ಎಬ್ಬಿಸೋಕೆ ಮನಸ್ಸು ಬರಲಿಲ್ಲ. ಗೋಡೆಗೆ ಒರಗಿ, ತೂಕಡಿಕೆ ತಡ್ಕೊಂಡು, ಮಗನ ಮಾಸ್ಕು ಸರಿಯದ ಹಾಗೆ ನೋಡ್ಕೊಳ್ತಾ ಕೂತಳು.