ಉಜ್ಜಿಸಿಕೊಳ್ಳದ ಜಾಕಿ

ಹೊಳೆದಂಡೆಯಲ್ಲಿ ನಿಂತಿದ್ದ, ಗಾಲಿಗಳ ಮೇಲೆ ಎಳೆದೊಯ್ಯುವ ಟ್ರೇಲರ್ ಮನೆಗೆ ಹಿಡಿಕೆ ತಿರುಗಿಸಿದರೆ ಏರಿಳಿಯುವ ನಾಲ್ಕು ಜಾಕಿಗಳೇ ಕಾಲು. ಮನೆಯೊಡತಿ ದ್ಯಾಮವ್ವ ತಂತಿ ಬ್ರಷ್ಷು ಹಿಡಿದು ಮೂರರ ಕೆಸರು, ತುಕ್ಕು ಉಜ್ಜಿ ತೆಗೆದು ಗ್ರೀಸು ಹಚ್ಚಿದಳು. ಆ ಕರಕರ ಸದ್ದಿಗೇ ನಾಲ್ಕನೆಯ ಜಾಕಿಗೆ ಜೀವ ಬಾಯಿಗೆ ಬಂತು.

"ಅವ್ವಾ, ನನ್ನ ಚರ್ಮ ಸುಲಿಯಬೇಡ! ನನಗೆ ಬರೀ ಗ್ರೀಸು ಸಾಕು," ಎಂದು ಅಂಗಲಾಚಿತು.

"ಉಜ್ಜದೆ ಹಚ್ಚಿದರೆ ನಾನು ಅಂಟುವುದು ಕೆಸರಿಗೆ, ನಿನಗಲ್ಲ," ಎಂದಿತು ಡಬ್ಬಿಯೊಳಗಿನ ಗ್ರೀಸು.

"ಕೆಸರಿಗೇ ಅಂಟು ಮಾರಾಯ, ಆ ಬ್ರಷ್ಷು ಮಾತ್ರ ಬೇಡ!"

"ಹಾಳಾಗಿ ಹೋಗು," ಎಂದು ದ್ಯಾಮವ್ವ ಕೆಸರಿನ ಮೇಲೆಯೇ ಗ್ರೀಸು ಬಳಿದಳು.

ಕೆಲವು ದಿನಗಳಲ್ಲೇ ಹೊಳೆ ಉಕ್ಕಿತು. "ಏಳಿ, ಕಾಲೆತ್ತಿ, ಹೊರಡೋಣ!" ಎಂದು ದ್ಯಾಮವ್ವ ಒಂದೊಂದರ ಹಿಡಿಕೆಯನ್ನೂ ತಿರುಗಿಸಿದಳು. ಮೂರು ಜಾಕಿಗಳು ಸರ್ರನೆ ಮೇಲೆದ್ದವು. ನಾಲ್ಕನೆಯದು ಮಿಸುಕಲಿಲ್ಲ. ಗ್ರೀಸು, ಕೆಸರು ಕಲೆತು ಗಟ್ಟಿಯಾಗಿ ಅದರ ಹಲ್ಲುಗಳನ್ನು ಹಿಡಿದುಬಿಟ್ಟಿದ್ದವು. ಆ ಒಂದು ಕಾಲು ನೆಲಕ್ಕೂರಿದ್ದಂತೆಯೇ ಎಳೆದರೆ ಮನೆಯೇ ಮಗುಚುತ್ತಿತ್ತು. ಅಷ್ಟರಲ್ಲಿ ನೀರು ಗಾಲಿ ಮುಟ್ಟಿತು.

"ಅವ್ವಾ, ಬ್ರಷ್ಷು ತಾ! ಎಷ್ಟು ಬೇಕಾದರೂ ಉಜ್ಜು!" ಜಾಕಿ ಕಿರುಚಿತು.

"ಉಜ್ಜಲಿಕ್ಕೆ ಹೊತ್ತೆಲ್ಲಿದೆ ಈಗ?" ಎನ್ನುತ್ತ ದ್ಯಾಮವ್ವ ನೀರಿನಲ್ಲಿ ಮಂಡಿಯೂರಿದಳು. ಅವಳ ಕೈಯಲ್ಲಿ ಕಬ್ಬಿಣ ಕೊಯ್ಯುವ ಗರಗಸವಿತ್ತು.