ಯಂಕವ್ವನ ಕೊರಳು

"ಗುರುಗಳೇ, ಕಳ್ಳನ ಮನೆಯಲ್ಲಿ ಕದ್ದರೆ ಅದೂ ಕಳ್ಳತನವೇ?"

ಚನ್ನವೀರ ಈ ಪ್ರಶ್ನೆ ಕೇಳಿದಾಗ ಆ ದಿನದ ಸಂಗೀತ ಪಾಠ ಮುಗಿದಿತ್ತು. ಉಳಿದ ಶಿಷ್ಯರು ಎದ್ದು ಹೋಗಿದ್ದರು. ಗುರುಗಳು ತಂಬೂರಿಗೆ ಗವಸು ಹಾಕುತ್ತಿದ್ದರು.

"ಯಾರ ಮನೆಯಲ್ಲಿ ಏನು ಕದ್ದೆ?" ಎಂದು ಕೇಳಿದರು.

ಚನ್ನವೀರ ಹೇಳಿದ. ಒಬ್ಬ ಹಾಡುಗಾರನ ಹಾಡುಗಳೆಂದರೆ ಅವನಿಗೆ ಪ್ರಾಣ. ಆ ಹಾಡುಗಳೆಲ್ಲ ಒಂದು ದೊಡ್ಡ ಕಂಪನಿಯ ವಶದಲ್ಲಿವೆ. ಹಾಡಿದವರಿಗೆ ಚಿಲ್ಲರೆ ಎಸೆದು ಗಳಿಕೆಯನ್ನೆಲ್ಲ ತಾನೇ ನುಂಗುವ ಕಂಪನಿ ಅದು. ಹಾಗಾಗಿ ಅವನು ದುಡ್ಡು ಕೊಡದೆ, ಕದ್ದು ಹಂಚುವವರಿಂದ ಆ ಹಾಡುಗಳನ್ನು ಪಡೆದುಕೊಂಡಿದ್ದ. ಗೆಳೆಯರಿಗೂ ಹಂಚಿದ್ದ.

"ನಾನು ದೋಚಿದ್ದು ದೋಚುವವರನ್ನು. ಹಾಡುಗಾರನ ಪರವಾಗಿ ನಿಂತು ಮಾಡಿದ ಕೆಲಸ ಇದು," ಎಂದ. ದನಿ ಏರಿತ್ತು.

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. "ಕೂತುಕೋ," ಎಂದು ಈ ಕತೆ ಹೇಳಿದರು.

ಕ್ಯಾಸೆಟ್ಟುಗಳ ಕಾಲ ಅದು. ಒಂದು ಊರಲ್ಲಿ ಒಬ್ಬ ನೇಕಾರನಿದ್ದ. ಹಗಲೆಲ್ಲ ಮಗ್ಗದ ಸದ್ದಿನಲ್ಲಿ ಕೂರುವವನು. ಸಂಜೆಯಾದರೆ ಅವನಿಗೆ ಯಂಕವ್ವನ ಹಾಡು ಬೇಕು. ಯಂಕವ್ವ ಹೊಳೆಯಾಚೆಯ ಹಳ್ಳಿಯವಳು. ಅವಳ ಹಾಡುಗಳು ತಾಯಿಯಿಂದ ಬಂದವು, ತಾಯಿಗೆ ಅವಳ ತಾಯಿಯಿಂದ. ಕಟ್ಟಿದವರು ಯಾರೆಂದು ಯಾರಿಗೂ ಗೊತ್ತಿಲ್ಲ.

ಆ ದನಿಯ ಸುದ್ದಿ ಕೇಳಿ ಕ್ಯಾಸೆಟ್ಟು ಕಂಪನಿಯ ಒಬ್ಬ ವರ್ತಕ ಕಾರಿನಲ್ಲಿ ಬಂದ. ಅವಳನ್ನು ಪಟ್ಟಣಕ್ಕೆ ಕರೆದೊಯ್ದು ಹಾಡಿಸಿ ಕ್ಯಾಸೆಟ್ಟು ಮಾಡಿದ. ಕರಾರುಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ. ಒಂದು ಸೀರೆ ಉಡಿಸಿ, ಕೈಗೆ ಒಂದಿಷ್ಟು ದುಡ್ಡು ಹಾಕಿ ಬಸ್ಸು ಹತ್ತಿಸಿದ. ಅವಳ ಪಾಲಿಗೆ ಅಲ್ಲಿಗೆ ಮುಗಿಯಿತು. ಆಮೇಲೆ ಚಹಾದಂಗಡಿಯಲ್ಲಿ ಅವಳದೇ ದನಿ, ಟೆಂಪೋದಲ್ಲಿ ಅವಳದೇ ದನಿ, ಮದುವೆಯ ಪೆಂಡಾಲಿನಲ್ಲಿ ಅವಳದೇ ದನಿ. ಯಂಕವ್ವ ಮಾತ್ರ ಮೊದಲಿನ ಹಾಗೆಯೇ ಕಂಡವರ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು.

ಈ ವಿಷಯ ಕಿವಿಗೆ ಬಿದ್ದಾಗ ನೇಕಾರನ ರಕ್ತ ಕುದಿಯಿತು. ಅವನಿಗೊಬ್ಬ ಬಾಲ್ಯದ ಗೆಳೆಯನಿದ್ದ. ಪೇಟೆಯಲ್ಲಿ ಅವನದೊಂದು ಪುಟ್ಟ ಅಂಗಡಿ. ಒಂದು ಕ್ಯಾಸೆಟ್ಟನ್ನು ಇನ್ನೊಂದಕ್ಕೆ ಇಳಿಸುವ ಯಂತ್ರ ಅವನಲ್ಲಿತ್ತು.

"ಲೇ ದೋಸ್ತಾ, ಅವ ಆಕಿನ್ನ ಲೂಟಿ ಹೊಡದಾನ. ನಾವು ಅವನ್ನ ಲೂಟಿ ಹೊಡಿಯೂಣು," ಎಂದ ಗೆಳೆಯ.

ಆ ಮಾತು ನೇಕಾರನಿಗೆ ನ್ಯಾಯವಾಗಿ ಕಂಡಿತು. ಗೆಳೆಯ ಇಳಿಸಿಕೊಟ್ಟ, ಇವನು ಚೀಲ ಹೊತ್ತು ಓಣಿ ಓಣಿ ತಿರುಗಿ ಹಂಚಿದ. ಇಳಿಸಿದ ಕೂಲಿಯೆಂದು ಬಂದ ಚಿಲ್ಲರೆ ಗೆಳೆಯನ ಪಾಲಾಯಿತು. ಕೆಲವೇ ತಿಂಗಳಲ್ಲಿ ಕಂಪನಿಯ ಕ್ಯಾಸೆಟ್ಟನ್ನು ಆ ಊರಲ್ಲಿ ಕೇಳುವವರಿಲ್ಲದಂತಾಯಿತು. ಯುದ್ಧ ಗೆದ್ದವನ ಹಾಗೆ ನೇಕಾರ ಎದೆಯುಬ್ಬಿಸಿ ನಡೆಯುತ್ತಿದ್ದ. ಗೆದ್ದ ಸುದ್ದಿಯನ್ನು ಯಂಕವ್ವನಿಗೆ ಮುಟ್ಟಿಸಬೇಕೆನಿಸಿತು. ಒಂದು ದಿನ ಹೊಳೆ ದಾಟಿ ಅವಳ ಮನೆ ಹುಡುಕಿಕೊಂಡು ಹೋದ.

ಯಂಕವ್ವ ಕಟ್ಟೆಯ ಮೇಲೆ ಕೂತು ಹಳೆಬಟ್ಟೆಯ ಕೌದಿ ಹೊಲಿಯುತ್ತಿದ್ದಳು. ನೇಕಾರ ಕೈಮುಗಿದು ತಾನು ಯಾರೆಂದು ಹೇಳಿದ. ಆಮೇಲೆ ತಡೆಯಲಾರದೆ, "ಅವ್ವಾ, ಆ ಕಂಪನಿಯವನಿಗೆ ನಮ್ಮೂರಾಗಿಂದ ಒಂದು ಪೈಸಾ ಹೋಗದಂಗ ಮಾಡೀವಿ," ಎಂದ.

"ಭೇಷ್ ಆತು ತಮ್ಮಾ," ಎಂದಳು ಯಂಕವ್ವ. ಸೂಜಿಗೆ ದಾರ ಪೋಣಿಸಿದಳು. "ಮತ್ತ ನನಗ?"

ಸಿಟ್ಟಿನಿಂದ ಕೇಳಿದ ಮಾತಲ್ಲ. ಅದಕ್ಕೇ ನೇಕಾರನಿಗೆ ತಲೆಯೆತ್ತಲು ಆಗಲಿಲ್ಲ. ಅಷ್ಟು ತಿಂಗಳು ಚೀಲ ಹೊತ್ತು ತಿರುಗಿದವನಿಗೆ ಆ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಕೊನೆಗೆ, "ನಾವು ಮತ್ತೇನು ಮಾಡೂಣವ್ವಾ? ಅವ ನಿನ್ನ ಕಟ್ಟಿ ಹಾಕ್ಯಾನಲ್ಲ," ಎಂದ.

ಯಂಕವ್ವನಿಗೆ ಓದು ಬರುತ್ತಿರಲಿಲ್ಲ. ಆದರೆ ಊರಿನ ಮಾಸ್ತರರಿಂದ ಕರಾರನ್ನು ಓದಿಸಿ ಕೇಳಿದ್ದಳು. "ಬ್ಯಾರೇದವರ ಟೇಪಿನ ಯಂತ್ರದ ಮುಂದ ಹಾಡಬಾರದು, ಹಾಡಿದರ ಈ ಮನಿ ಅವನ ಪಾಲು ಅಂತ ಐತಿ. ಮನುಷ್ಯಾರ ಮುಂದ ಹಾಡಬಾರದು ಅಂತ ಎಲ್ಲೂ ಇಲ್ಲ," ಎಂದಳು.

ನೇಕಾರ ಊರಿಗೆ ಮರಳಿದ. ಗೆಳೆಯನ ಅಂಗಡಿಗೆ ಹೋಗಿ, ಇನ್ನು ಈ ಕೆಲಸ ತನ್ನಿಂದ ಆಗದು ಎಂದ, ನೀನೂ ಬಿಡು ಎಂದ. ಗೆಳೆಯ ಕೆರಳಿದ. "ನನ್ನ ಹೊಟ್ಟಿ ಮ್ಯಾಲ ಹೊಡದಿ," ಎಂದು ಅಂಗಡಿಯ ಮೆಟ್ಟಿಲು ಇಳಿಸಿದ. ನೇಕಾರ ತಾನು ಹಂಚಿದ್ದನ್ನು ಮನೆಮನೆಗೆ ಹೋಗಿ ವಾಪಸು ಕೇಳಿದ. ಕೆಲವರು ಕೊಟ್ಟರು. ಹೆಚ್ಚಿನವರು ನಕ್ಕರು.

ಅಮಾವಾಸ್ಯೆಯ ದಿನ ನೇಕಾರರು ಮಗ್ಗ ಹೂಡುವುದಿಲ್ಲ. ಅಂಥ ಒಂದು ಮಧ್ಯಾಹ್ನ ನೇಕಾರನೂ ಓಣಿಯವರೂ ಮಗ್ಗದ ಶೆಡ್ಡಿನಲ್ಲಿ ಜಮಖಾನೆ ಹಾಸಿ ಯಂಕವ್ವನನ್ನು ಕೂರಿಸಿದರು. ಮೈಕಿಲ್ಲ, ಯಂತ್ರವಿಲ್ಲ. ಅವಳು ಹಾಡಿದಳು, ಇವರು ಕೇಳಿದರು. ಮುಗಿದ ಮೇಲೆ ಹೆಂಗಸರು ಅವಳಿಗೆ ಉಡಿ ತುಂಬಿದರು, ಗಂಡಸರು ಕೈಲಾದಷ್ಟು ದುಡ್ಡು ಇಟ್ಟರು. ಮುಂದಿನ ಅಮಾವಾಸ್ಯೆಗೆ ಪಕ್ಕದ ಓಣಿಯವರೂ ಬಂದರು. ಅದರ ಮುಂದಿನದಕ್ಕೆ ಬೇರೆ ಊರಿನವರು ಬಂದು ತಮ್ಮಲ್ಲಿಗೂ ಕರೆದರು. ಯಂಕವ್ವ ಕಳೆ ತೆಗೆಯಲು ಹೋಗುವುದನ್ನು ಬಿಟ್ಟಳು.

ಇದು ವರ್ತಕನಿಗೆ ತಿಳಿಯಿತು. ಎದುರು ಕೂತು ಕೇಳಿದ ಜನ ಅವನ ಕ್ಯಾಸೆಟ್ಟನ್ನು ಕೈಯಲ್ಲಿ ಮುಟ್ಟುತ್ತಿರಲಿಲ್ಲ. ಅವನು ನೇರವಾಗಿ ನೇಕಾರನ ಮನೆಗೇ ಬಂದ. ಕೂರಲಿಲ್ಲ. ನೀರು ಕೊಟ್ಟರೆ ಕುಡಿಯಲಿಲ್ಲ.

"ಹಾಡಿಸಿಕೊಳ್ಳಿ. ನಾನು ಬೇಡ ಅನ್ನಲು ಆಗದು," ಎಂದ. "ಆದರೆ ಆ ಜಮಖಾನೆಯ ಮೇಲೆ ಒಂದೇ ಒಂದು ಯಂತ್ರ ನನ್ನವರ ಕಣ್ಣಿಗೆ ಬೀಳಲಿ. ಆಕೆಯ ಮನೆಗೆ ಬೀಗ ಜಡಿಸುತ್ತೇನೆ."

ಮಾರನೆಯ ದಿನವೇ ನೇಕಾರ ಹೊಳೆ ದಾಟಿ ಹೋಗಿ ಯಂಕವ್ವನಿಗೆ ಎಲ್ಲವನ್ನೂ ಹೇಳಿದ. ಈ ಸಲ ಬೇಡ ಎಂದ. ಯಂಕವ್ವ ಒಂದು ಗಳಿಗೆ ಮನೆಯ ಗೋಡೆಗಳನ್ನು ನೋಡಿದಳು. "ಬರತೀನಿ. ಬಾಗಿಲಾಗ ನೀ ನಿಲ್ಲು," ಎಂದಳು.

ಆ ಅಮಾವಾಸ್ಯೆಗೆ ಶೆಡ್ಡು ತುಂಬಿ ಹೊರಗೂ ಜನ ನಿಂತರು. ನೇಕಾರ ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ಕೈಮುಗಿದು, ಯಂತ್ರವಿದ್ದರೆ ಇಲ್ಲೇ ಇಡಿ ಎಂದು ಬೇಡಿಕೊಂಡ. ಇಬ್ಬರು ಅಪರಿಚಿತರು ಬಂದರು. ಒಬ್ಬ ಕರಿಕೋಟು ಮಡಚಿ ತೋಳ ಮೇಲೆ ಹಾಕಿಕೊಂಡಿದ್ದ. ವರ್ತಕನ ವಕೀಲನೇ ಇರಬೇಕೆಂದು ನೇಕಾರ ಅಂದುಕೊಂಡ. ತಡೆಯುವ ಹಾಗಿರಲಿಲ್ಲ. ಅವರು ಕಂಬಕ್ಕೆ ಒರಗಿ ಕೂತು ಸುತ್ತಲೂ ನೋಡತೊಡಗಿದರು.

ಕಡೆಗೆ ಗೆಳೆಯ ಬಂದ. ಜಗಳವಾದ ಮೇಲೆ ಅವನು ಈ ಕಡೆ ಸುಳಿದಿರಲಿಲ್ಲ. ಆ ಸೆಕೆಯಲ್ಲಿ ಮೈತುಂಬ ಶಾಲು ಹೊದ್ದಿದ್ದ. ನೇಕಾರನಿಗೆ ಶಾಲು ಕಾಣಲಿಲ್ಲ, ಗೆಳೆಯ ಮಾತ್ರ ಕಂಡ. ಮನಸ್ಸು ತುಂಬಿ ಬಂತು. ಎಲ್ಲರನ್ನೂ ಕೇಳಿದ ಮಾತನ್ನು ಅವನಿಗೆ ಕೇಳಲಿಲ್ಲ. ಕೈಹಿಡಿದು ಕರೆತಂದು ತನ್ನ ಪಕ್ಕದಲ್ಲೇ ಕೂರಿಸಿಕೊಂಡ.

ಯಂಕವ್ವ ಆ ದಿನ ಎತ್ತಿಕೊಂಡದ್ದು ಅವಳ ತಾಯಿ ಸಾಯುವ ಮುನ್ನ ಕಲಿಸಿಹೋದ ಹಾಡು. ವರ್ತಕನಿಗೆ ಕೊಡದೆ ಉಳಿಸಿಕೊಂಡದ್ದು. ಶೆಡ್ಡು ಉಸಿರು ಹಿಡಿಯಿತು. ಆಗ ನೇಕಾರನ ಕಿವಿಗೆ ಟಕ್ ಎಂದು ಸಣ್ಣ ಸದ್ದೊಂದು ಕೇಳಿಸಿತು. ತಿರುಗಿ ನೋಡಿದ. ಗೆಳೆಯನ ಶಾಲಿನ ಎಳೆಗಳ ನಡುವೆ ಒಂದು ಕೆಂಪು ಚುಕ್ಕೆ ಉರಿಯುತ್ತಿತ್ತು.

ಕಂಬದ ಬಳಿಯ ಇಬ್ಬರು ಕೈಗೆಟುಕುವಷ್ಟು ದೂರದಲ್ಲಿದ್ದರು.

"ಸುಮ್ಮನಿರು," ಎಂದು ಗೆಳೆಯ ಕಿವಿಯಲ್ಲಿ ಉಸುರಿದ. "ಈ ಹಾಡು ಬ್ಯಾರೆ ಎಲ್ಲೂ ಇಲ್ಲ. ಆಕಿ ಹೋದರ ಇದೂ ಹೋಗತೈತಿ. ನಾ ಉಳಸಾಕತ್ತೀನಿ."

ನೇಕಾರ ಸುಮ್ಮನಿದ್ದ. ಯಾಕೆಂದರೆ ಆ ಹಾಡು ಅವನಿಗೂ ಬೇಕಾಗಿತ್ತು. ಸಂಜೆ ಸಂಜೆ ಕೇಳಬೇಕು, ಸಾಯುವತನಕ ಕೇಳಬೇಕು ಎನಿಸಿತ್ತು. ಶಾಲಿನ ಅಂಚನ್ನು ಸ್ವಲ್ಪ ಎಳೆದು ಮುಚ್ಚಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವನ ಕೈ ಶಾಲಿನತ್ತ ಹೋಯಿತು ಕೂಡ. ಅಷ್ಟರಲ್ಲಿ ಯಂಕವ್ವ ಹಾಡುತ್ತ ಹಾಡುತ್ತ ಕಣ್ಣು ಮುಚ್ಚಿದಳು. ಬಾಗಿಲಲ್ಲಿ ಇವನನ್ನು ನಿಲ್ಲಿಸಿ ಅವಳು ನಿಶ್ಚಿಂತಳಾಗಿ ಕಣ್ಣು ಮುಚ್ಚಿದ್ದಳು.

ನೇಕಾರ ಎದ್ದು ನಿಂತ. "ಅವ್ವಾ, ನಿಲ್ಲಸು," ಎಂದು ಕೂಗಿದ.

ಹಾಡು ನಡುವೆಯೇ ಕಡಿಯಿತು.

"ಇಲ್ಲಿ ಯಂತ್ರ ಐತಿ. ಬಾಗಿಲು ಕಾದವ ನಾ. ತಪ್ಪು ನಂದು," ಎಂದ.

ಶೆಡ್ಡು ಒಮ್ಮೆಲೇ ಭುಗಿಲೆದ್ದಿತು. ಹುಡುಗರು ಹಾರಿ ಬಂದು ಗೆಳೆಯನ ಕೊರಳಪಟ್ಟಿ ಹಿಡಿದರು. ಕಂಬದ ಬಳಿ ಕೂತಿದ್ದ ವಕೀಲ ಎದ್ದು, "ಯಾರೂ ಮುಟ್ಟಬೇಡಿ, ಆ ಯಂತ್ರ ನಮಗೆ ಕೊಡಿ," ಎಂದು ಮುಂದೆ ಬಂದ. ಒಂದು ಏಟು ಬಿದ್ದರೆ ಸಾಕು, ಪೊಲೀಸರು ಬರುತ್ತಾರೆ, ಆಮೇಲೆ ಯಾರ ಮಾತೂ ನಡೆಯದು. ನೇಕಾರ ಗೆಳೆಯನಿಗೆ ಅಡ್ಡವಾಗಿ ನಿಂತ. ಅವನ ಬೆನ್ನಿಗೇ ಎರಡು ಗುದ್ದು ಬಿದ್ದವು.

ಯಂಕವ್ವ ಕೈಯೆತ್ತಿದಳು. ಗದ್ದಲ ಅಡಗಿತು. ಅವಳು ಗೆಳೆಯನ ಹತ್ತಿರ ಬಂದು, "ತಮ್ಮಾ, ನೀನ ಹಿಡದೀ. ನೀನ ಅಳಸು," ಎಂದಳು.

ಗೆಳೆಯ ಸುರುಳಿಯನ್ನು ಹಿಂದಕ್ಕೆ ತಿರುಗಿಸಿದ. ಯಂತ್ರವನ್ನು ಜಮಖಾನೆಯ ಮೇಲಿಟ್ಟು ಗುಂಡಿ ಒತ್ತಿದ. ಕೆಂಪು ಚುಕ್ಕೆ ಮತ್ತೆ ಹೊತ್ತಿತು. ಹಾಡಿನ ಮೇಲೆ ಮೌನವನ್ನು ತುಂಬಬೇಕಾಗಿತ್ತು. ಹಾಡು ಎಷ್ಟು ಹೊತ್ತು ನಡೆದಿತ್ತೋ ಅಷ್ಟು ಹೊತ್ತೂ ಯಾರೂ ಕೆಮ್ಮಲಿಲ್ಲ. ತಾಯಂದಿರು ಮಕ್ಕಳ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ವಕೀಲ ಮಾತಾಡಲು ಬಾಯಿ ತೆರೆದ. ಅಷ್ಟು ಜನರ ಕಣ್ಣು ತನ್ನ ಮೇಲೆ ಬಿದ್ದದ್ದನ್ನು ನೋಡಿ ಮುಚ್ಚಿದ. ಸುರುಳಿ ತಿರುಗುತ್ತಿತ್ತು. ತಾನು ಸಾಯುವತನಕ ಕೇಳಬೇಕೆಂದುಕೊಂಡಿದ್ದು ಕಣ್ಣೆದುರೇ ಅಳಿಯುತ್ತಿರುವುದನ್ನು ನೇಕಾರ ನೋಡುತ್ತ ನಿಂತ.

ಸುರುಳಿ ನಿಂತಿತು. "ಆಕೆ ಯಂತ್ರದ ಮುಂದೆ ಹಾಡಿದ್ದಕ್ಕೆ ನಾವಿಬ್ಬರೂ ಸಾಕ್ಷಿ," ಎಂದ ವಕೀಲ.

"ತಿಳಿದ ಕೂಡಲೇ ನಿಲ್ಲಿಸಿದ್ದಕ್ಕ ನಾವು ಇಷ್ಟೂ ಮಂದಿ ಸಾಕ್ಷಿ," ಎಂದಳು ಒಬ್ಬ ಮುದುಕಿ. ಅವರಿಬ್ಬರೂ ಹೊರಟುಹೋದರು.

ಗೆಳೆಯ ತಲೆತಗ್ಗಿಸಿ ಎದ್ದ. ಯಂಕವ್ವ ಅವನನ್ನು ತಡೆದಳು. "ಹಾಡು ಬೇಕಂದ್ಯಲ್ಲ, ಕೂಡು. ಬಾಯಿಲೆ ಕಲಿ. ಅದಕ್ಕ ಯಾವ ಕರಾರಿನಾಗೂ ಅಡ್ಡಿ ಇಲ್ಲ," ಎಂದಳು. ಆಮೇಲೆ ಒಂದೊಂದೇ ನುಡಿ ಹೇಳಿಕೊಟ್ಟಳು. ಓಣಿಯೆಲ್ಲ ಅದನ್ನು ತಿರುಗಿ ಹಾಡಿತು. ಗೆಳೆಯನೂ ಹಾಡಿದ. ದನಿ ಹೊರಡಲಿಲ್ಲ, ತುಟಿ ಮಾತ್ರ ಅಲುಗಿತು.

ವರ್ತಕ ದಾವೆ ಹೂಡಿದ. ನೇಕಾರರು ಮಗ್ಗ ಬಿಟ್ಟು ಕೋರ್ಟಿನ ಕಟ್ಟೆ ಕಾದರು. ಯಂಕವ್ವ ಪ್ರತಿ ಸಲವೂ ಇನ್ನೆಂದೂ ಮರಳಿ ನೋಡುವುದಿಲ್ಲವೇನೋ ಎಂಬಂತೆ ಮನೆಯ ಬಾಗಿಲು ಹಾಕಿ ಬರುತ್ತಿದ್ದಳು. ಕೊನೆಗೆ ದಾವೆ ವಜಾ ಆಯಿತು, ಮನೆ ಉಳಿಯಿತು. ಕರಾರಿನ ಅವಧಿ ಮುಗಿದಾಗ ವರ್ತಕ ಹೊಸ ಕಾಗದ ತಂದ. ಯಂಕವ್ವ ಅದನ್ನು ಓಣಿಯವರ ಎದುರಿಗೇ ಓದಿಸಿದಳು. "ದನಿ ನಂದ ಇರಲಿ. ನೀ ಬರೇ ಮಾರು, ಮಾರಿದ್ದರಾಗ ನನಗೂ ಪಾಲು ಕೊಡು," ಎಂದಳು. ಅವನು ನಕ್ಕು ಕಾರು ಹತ್ತಿದ. ಅವಳು ತನ್ನದೇ ಹೆಸರಿನಲ್ಲಿ ಒಂದು ಕ್ಯಾಸೆಟ್ಟು ಮಾಡಿಸಿದಳು. ಓಣಿಯ ಪ್ರತಿ ಮನೆಯೂ ಅದನ್ನು ದುಡ್ಡು ಕೊಟ್ಟು ಕೊಂಡಿತು. ಮಾರಿದ್ದು ಅದೇ ಗೆಳೆಯನ ಅಂಗಡಿಯಲ್ಲಿ. ನೇಕಾರನೂ ಅಲ್ಲಿಗೇ ಹೋಗಿ ಕೊಂಡ. ಗೆಳೆಯ ಅವನ ಮುಖ ನೋಡದೆ ಕೊಟ್ಟ. ಆ ಇಬ್ಬರ ನಡುವೆ ಮತ್ತೆ ಮಾತುಕತೆ ಆಗಲೇ ಇಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಚನ್ನವೀರನಿಗೆ ಸಮಾಧಾನವಾಗಲಿಲ್ಲ. "ಆದರೆ ಗುರುಗಳೇ, ಆ ವರ್ತಕನಿಗೆ ಏನೂ ಆಗಲಿಲ್ಲವಲ್ಲ! ಹಳೆಯ ಕ್ಯಾಸೆಟ್ಟುಗಳು ಅವನಲ್ಲೇ ಉಳಿದವು. ಅವನು ಇನ್ನೂ ಮಾರುತ್ತಲೇ ಇದ್ದಿರಬೇಕು," ಎಂದ.

"ವರ್ತಕರ ಲೆಕ್ಕವೆಲ್ಲ ನಿನ್ನ ನಾಲಿಗೆಯ ತುದಿಯಲ್ಲಿದೆ," ಎಂದರು ಗುರುಗಳು. "ನಿನ್ನ ಆ ಹಾಡುಗಾರನ ಮನೆ ಯಾವ ಊರಲ್ಲಿದೆ, ಹೇಳು."

ಅದನ್ನು ಚನ್ನವೀರ ಯಾರಲ್ಲೂ ವಿಚಾರಿಸಿರಲಿಲ್ಲ.